ಹೊಲ ಮಾರಿದ ಮೇಲೆ ಬಂದ ಹೊಟ್ಟೆ

ಹೊರಮಾವು
೧೧-೮-೧೯೯೮

ಮುದ್ದಿನ ಮಗಳು ಹಂಸಾಗೆ,

ನಿನ್ನಪ್ಪನ ಆಶೀರ್ವಾದ. ಪುಣೆಯಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರಾ? ನಿನ್ನ ಕೆಮ್ಮು ವಾಸಿಯಾಯಿತೇ? ಇದು ಎಸ್‌ಟಿಡಿ ಬೂತಿನಲ್ಲಿ ನಾಲ್ಕು ಜನರೆದುರು ನಿಂತು ಹೇಳುವ ಮಾತಲ್ಲ, ಅದಕ್ಕೇ ಕಾಗದ. ಹೋದ ಗುರುವಾರ ನಿಮ್ಮಮ್ಮನಿಗೆ ದೊಡ್ಡ ಆಪರೇಷನ್ ಆಯಿತು. ಗಾಬರಿಯಾಗಬೇಡ, ಈಗ ಎದ್ದು ಕೂರುತ್ತಾಳೆ, ಗಂಜಿ ಕುಡಿಯುತ್ತಾಳೆ. ಮುಂಚೆ ತಿಳಿಸಲಿಲ್ಲವೆಂದು ಬೈಯಬೇಡ, ಅವಳೇ ಬೇಡವೆಂದಳು.

ತಪ್ಪು ನನ್ನದೇ ಕಣಮ್ಮ. ಯುಗಾದಿಯಿಂದಲೇ ಅವಳ ಹೊಟ್ಟೆ ದಪ್ಪಗಾಗುತ್ತಿತ್ತು. ಹೊಲ ಮಾರಿ ಕೆಲಸವಿಲ್ಲದೆ ಕೂತ ಮೇಲೆ ಊರಿನಲ್ಲಿ ಎಲ್ಲರಿಗೂ ಹೊಟ್ಟೆ ಬಂದಿದೆ, ನನಗೂ ಬಂದಿದೆ. "ಕಳೆ ಕೀಳೋದು ತಪ್ತು, ಕೂತ್ಕೊಂಡು ಬೇಕರಿ ಬನ್ ತಿಂದು ಗುಂಡಗಾದೆ ನೋಡು" ಎಂದು ಬಂದವರೆದುರೆಲ್ಲ ರೇಗಿಸಿದೆ. ಅವಳೂ ನಕ್ಕಳು. ಆದರೆ ಮುಖ, ತೋಳು ಬತ್ತುತ್ತಿದ್ದವು. ಅರ್ಧ ಮುದ್ದೆಗೇ "ಸಾಕು, ಹೊಟ್ಟೆ ತುಂಬ್ತು" ಎಂದು ತಟ್ಟೆ ಸರಿಸುತ್ತಿದ್ದಳು, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುತ್ತಿದ್ದಳು. ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಸಿದೆ. ನಾಲ್ಕು ತಿಂಗಳು ಕಣ್ಣಿದ್ದೂ ಕುರುಡನಾಗಿದ್ದೆ. ಕೊನೆಗೆ ಉಸಿರಾಡಲು ಕಷ್ಟವಾದಾಗ ಇಂದಿರಾನಗರದ ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ. ಹೊಟ್ಟೆಯ ತುಂಬ ನೀರು, ಎರಡೂ ಅಂಡಾಶಯದಲ್ಲಿ ಗಡ್ಡೆ.

ಕ್ಯಾನ್ಸರ್, ಹಂಸಾ. ಅಂಡಾಶಯದಲ್ಲೇ ಇದ್ದರೆ ಒಂದನೇ ಹಂತ, ಗರ್ಭಕೋಶದ ಸುತ್ತಮುತ್ತ ಹಬ್ಬಿದರೆ ಎರಡು, ಹೊಟ್ಟೆಯ ಒಳಪೊರೆಗೆ ಹರಡಿದರೆ ಮೂರು, ಶ್ವಾಸಕೋಶದಂಥ ದೂರದ ಕಡೆಗೆ ಹೋದರೆ ನಾಲ್ಕು ಎಂದು ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಹೊಟ್ಟೆ ತೆರೆದು ನೋಡಿದ ಮೇಲೇ ಹಂತ ಸರಿಯಾಗಿ ತಿಳಿಯುವುದಂತೆ. ನಿಮ್ಮಮ್ಮನದು ಮೂರು. ಒಳಗೆಲ್ಲ ರಾಗಿ ಚೆಲ್ಲಿದ ಹಾಗಿತ್ತಂತೆ. ಸಿಕ್ಕಿದಷ್ಟೂ ತೆಗೆದಿದ್ದಾರೆ, ಇನ್ನು ಆರು ಸಲ ಕ್ಯಾನ್ಸರ್ ಔಷಧಿ ಏರಿಸಬೇಕು. "ಕೂದ್ಲು ಹೋದ್ರೆ ಹೋಗ್ಲಿ ಬಿಡ್ರಿ, ತಿರುಪತೀಗ್ ಹೋಗೋದು ಉಳೀತು" ಎಂದು ನನ್ನನ್ನೇ ನಗಿಸಲು ನೋಡಿದಳು. ನಾನು ವಾರ್ಡಿನ ಹೊರಗೆ ಹೋಗಿ ಅತ್ತೆ.

ಆದಷ್ಟು ಬೇಗ ಬಂದು ಹೋಗು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಮುನಿರಾಜಪ್ಪ

ವಿ.ಸೂ.: ಅಂಚೆ ಡಬ್ಬಿಯ ತನಕ ಹೋಗಿ ವಾಪಸು ಬಂದೆ. ಬರೆಯಲು ಧೈರ್ಯ ಸಾಲದೆ ಬಿಟ್ಟ ಮಾತೊಂದಿದೆ. ನಿಮ್ಮಮ್ಮನ ತವರಿನಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ಮಹದೇವಪುರದ ನಿನ್ನ ಅಜ್ಜಿ, ದೊಡ್ಡಮ್ಮ ಇಬ್ಬರೂ ಹೊಟ್ಟೆ ಊದಿಯೇ ಹೋದರು. ಗಾಳಿ ಸೋಕಿತು ಎಂದುಕೊಂಡಿದ್ದೆವು. ಕೆಲವು ಮನೆಗಳಲ್ಲಿ ಇದು ತಾಯಿಯಿಂದ ಮಗಳಿಗೆ ಬರಬಹುದಂತೆ, ಬಂದೇ ಬರುತ್ತದೆ ಎಂದಿಲ್ಲವಂತೆ. ಅದನ್ನು ಕೇಳಿದಾಗಿನಿಂದ ನಿಮ್ಮಮ್ಮ ತನ್ನ ಕಾಯಿಲೆಯ ಮಾತೇ ಎತ್ತಿಲ್ಲ. "ಮಗೂನ ಕರ್ಸ್ರಿ, ಮೊದ್ಲು ಅವ್ಳನ್ನ ನೋಡ್ಲಿ" ಎನ್ನುತ್ತಾಳೆ. ಇದೇ ಇಪ್ಪತ್ತನಾಲ್ಕಕ್ಕೆ ಡಾಕ್ಟರಮ್ಮನ ಹತ್ತಿರ ಚೀಟಿ ಬರೆಸಿದ್ದೇನೆ. ನಿನ್ನ ಹೆಸರಿಗೆ.