ಬೋಳು ಖುರ್ಚಿಯ ಗಿಳಿ

ಅಪ್ಪಾ,

ಚಸ್ಮಾ ಹಾಕ್ಕೊಂಡು ಓದು, ದೊಡ್ಡ ಅಕ್ಷರದಾಗ ಬರದೀನಿ.

ಮೊದಲನೇ ಗಾಡಿಗೆ ತಳೇಗಾಂವಕ್ಕ ಹೊಂಟೀನಿ. ಅಲ್ಲಿ ಯಾವುದೋ ಹಳೇ ವಾಡೆ ಮನಿ ಕೆಡವ್ಯಾರಂತ. ಕಾಲಿಗೆ ಬಿದ್ದಾದ್ರೂ ಆ ಖುರ್ಚಿಗೆ ಹೊಸ ಬೆನ್ನು ಕೂಡ್ಸಾಕ ಒಂದು ಸಾಗವಾನಿ ಹಲಗಿ ತರ್ತೀನಿ. ಯುದ್ಧ ಶುರುವಾದಾಗಿಂದ ಈ ಪುಣೆ ಪೇಟ್ಯಾಗ ಪರವಾನಗಿ ಇಲ್ಲದ ಒಂದು ಕಟಗಿ ಚಕ್ಕಿನೂ ಕೊಡಂಗಿಲ್ಲ.

ಯಾಕ ಹಿಂಗ ಮಾಡಿದಿ? "ನನಗ ಕೂಡ್ರಾಕ ಖುರ್ಚಿ ಬೇಕು, ದೇವರ ಮಂಟಪ ಅಲ್ಲ" ಅಂತ, ಆರು ಬೋಳು ಖುರ್ಚಿ ಮಾಡಾಕ ಕೊಟ್ಟ ಲಿಮಯೆ ಸಾಹೇಬರು ನಿನ್ನ ಮುಂದನ ಹೇಳಿದ್ರು. ಹೂವು ಬಳ್ಳಿ ಇಲ್ಲದ ಸಾಮಾನು ಬಡಿಗ್ಯಾರ ಹೊಸ್ತಿಲಾ ದಾಟಬಾರದು ಅಂತಿ, ಖರೆ. ಆದ್ರ ನಾ ಎರಡು ದಿನ ಊರಾಗಿಲ್ಲಂತ ಆರನೇ ಖುರ್ಚಿ ಬೆನ್ನಿಗೆ ಗಿಳಿ ಕೆತ್ತಿ ಕೂತೀಯಲ್ಲ!

ಸಾಹೇಬರು ಇವತ್ತ ನಾಲ್ಕಕ್ಕ ನೋಡಾಕ ಬರ್ತಾರ. ಮನಸ್ಸಿಗೆ ಬಂದ್ರ ಅವರು ಕಟ್ಟಸೂ ಮನಿಗಳಿಗೆಲ್ಲಾ ನಮ್ಮ ಖುರ್ಚಿ. ಇಲ್ಲಂದ್ರ ಈ ಊರಾಗ ನಮ್ಮ ಬಾಚಿ-ಉಳಿಗೆ ಕೆಲಸ ಇಲ್ಲ. ಮತ್ತೆಲ್ಲಿಗೆ ಹೋಗೂಣು?

ಐದು ಖುರ್ಚಿಗೆ ಎಣ್ಣಿ ವರಸು. ಉಳಿ ಮಾತ್ರ ಮುಟ್ಟಬ್ಯಾಡ, ಕೈ ಮುಗೀತೀನಿ.

ರೊಟ್ಟಿ ಬುಟ್ಟ್ಯಾಗ ಅದಾವ. ಉಪವಾಸ ಕೂಡಬ್ಯಾಡ.

ಎರಡಕ್ಕ ನಾ ಬರಲಿಲ್ಲಂದ್ರ ಹಲಗಿ ಸಿಕ್ಕಿಲ್ಲಂತ ತಿಳಕೋ. ಆಗ ಹತ್ತರಿ ಹೊಡದು ಗಿಳೀನ ಸವರಿಬಿಡು. ಬೆನ್ನು ತೆಳ್ಳಗಾದ್ರ ಆಗಲಿ.

ನಸುಕಿನ್ಯಾಗ ನಾನ ಸವರಾಕ ಕುಂತಿದ್ದೆ. ಹತ್ತರಿ ಅದರ ಕೊಕ್ಕಿನ ಮ್ಯಾಲೆ ಇಟ್ಟೆ. ಮಸುಕು ಕಣ್ಣಿನ್ಯಾಗ, ಬರೇ ಬೆರಳ ತುದೀಲೆ ಹೆಂಗ ಕೆತ್ತಿದ್ಯೋ, ಗರಿ ಒಂದೊಂದೂ ಎಣಸಬಹುದು. ನನ್ನ ಕೈ ಮುಂದ ಸರೀಲಿಲ್ಲ.

ನೀನ ತೆಗಿ, ಅಪ್ಪಾ.

ಹೊಳಬಸಪ್ಪ