ನಿಮ್ಮಷ್ಟು ಭಾರ

ಅತ್ತೆಯವರಿಗೆ, ನಿಮ್ಮ ಸೊಸೆ ಲೀಲಾ ಮಾಡುವ ಶರಣು ಶರಣಾರ್ಥಿ.

ಕೊಟ್ಟೂರಿನಲ್ಲಿ ನಾವೆಲ್ಲ ಕ್ಷೇಮ. ಇದಾದ ಮೇಲೆ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಬರೆಯುವುದು ರೂಢಿ. ಆದರೆ ನೀವು ಹೋಗಿ ವರ್ಷವಾಗುತ್ತ ಬಂತು. ಈಗ ನಿಮ್ಮಿಂದ ಕಾಗದ ಬಂದರೆ ನನಗೇನೋ ಸಂತೋಷವೇ, ಅಂಚೆಯವನು ಅದನ್ನು ತಪ್ಪಿ ಪಕ್ಕದ ಮನೆಯ ಗೌರಕ್ಕನ ಕೈಗೆ ಕೊಟ್ಟರೆ ಅವಳನ್ನು ಉಳಿಸಿಕೊಳ್ಳುವುದು ಕಷ್ಟ. ಆದ್ದರಿಂದ ನೀವು ಬರೆಯಬೇಡಿ, ಓದಿದರೆ ಸಾಕು. ನೀವು ನನಗೆ ವಹಿಸಿದ್ದ ಕೆಲಸ ಮೊನ್ನೆ ಮುಗಿಯಿತು. ಅದನ್ನು ಬಾಯಿ ಬಿಟ್ಟು ಯಾರಿಗಾದರೂ ಹೇಳೋಣವೆಂದರೆ ಆಣೆ ಹಾಕಿಸಿಕೊಂಡು ಹೋಗಿದ್ದೀರಿ. ನಿಮ್ಮ ಮಗನಿಗೂ ಹೇಳುವಂತಿಲ್ಲ. ಇನ್ನು ಉಳಿದವರು ನೀವೊಬ್ಬರೇ.

ನನ್ನ ಸೊಂಟ ಹಿಡಿದ ದಿನ ನೆನಪಿದೆಯೇ? ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ದಿನವಿಡೀ ಕುಳಿತು ಬಂದವಳು, ಜೋಳದ ಹಿಟ್ಟಿನ ಡಬ್ಬಿ ಎತ್ತಲು ಬಗ್ಗಿದೆ, ಬಗ್ಗಿದವಳು ಮೇಲೇಳಲಿಲ್ಲ. ಅದೇ ಹೊತ್ತಿಗೆ ನೀವು ಅಡುಗೆಮನೆಗೆ ಬಂದಿರಿ. ನಾನು ನಿಮ್ಮ ಕಾಲಿಗೆ ಬೀಳುತ್ತಿದ್ದೇನೆ ಎಂದು ತಿಳಿದು, "ಇವತ್ತೇನು ಹಬ್ಬ ಐತವ್ವಾ? ಸಾಕೇಳು, ಒಳ್ಳೇದಾಗ್ಲಿ" ಎಂದು ತಲೆಯ ಮೇಲೆ ಕೈಯಿಟ್ಟಿರಿ. ನಾನು ಏಳದೇ ಇದ್ದದ್ದು ನೋಡಿ ನಿಮಗೆ ಇನ್ನೂ ಖುಷಿಯಾಗಿ ಮತ್ತೊಂದು ಸಲ ಹರಸಿದಿರಿ. ನಾನು ಅತ್ತ ಮೇಲೆಯೇ ವಿಷಯ ತಿಳಿದದ್ದು.

ಹಗರಿಬೊಮ್ಮನಹಳ್ಳಿಯ ಡಾಕ್ಟರು ಎಲ್ಲ ನೋಡಿ, ಬೆನ್ನು ಕಾಲು ಗಟ್ಟಿಯಾಗಬೇಕು, ಸರಿಯಾದ ರೀತಿಯಲ್ಲಿ ಭಾರ ಎತ್ತುವುದನ್ನು ಕಲಿಯಿರಿ ಎಂದರು. ಬಸ್ಸಿನಲ್ಲಿ ಊರು ತಲುಪುವ ತನಕ ನಿಮ್ಮ ಬಾಯಿ ಮುಚ್ಚಲಿಲ್ಲ. "ಭಾರ ಎತ್ತಾಕ ಹೋಗಿ ಸೊಂಟ ಹಿಡಕೊಂಡಾಕಿಗೆ ಮತ್ತ ಭಾರ ಎತ್ತು ಅಂತಾನ. ನೀರಾಗ ಬಿದ್ದಾಕಿಗೆ ಇನ್ನೊಂದು ಕೊಡ ನೀರು ಕುಡಿ ಅಂದಂಗಾತು. ಇವನೇನು ಓದಿ ಡಾಕ್ಟರ್ ಆಗ್ಯಾನೋ, ನೋಡಿ ಬರದು ಆಗ್ಯಾನೋ!" ಕಂಡಕ್ಟರ್ ನಕ್ಕು ನಕ್ಕು ಒಬ್ಬರಿಗೆ ಟಿಕೆಟ್ ಕೊಡುವುದನ್ನೇ ಮರೆತ.

ಜಿಮ್ಮಿಗೆ ಮೊದಲು ಕಾಲಿಟ್ಟ ದಿನದ ಕಥೆ ನಿಮಗೆ ಎಷ್ಟು ಸಲ ಹೇಳಿದರೂ ಸಾಲುತ್ತಿರಲಿಲ್ಲ. ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆ. ಮೆಟ್ಟಿಲು ಹತ್ತುವಾಗಲೇ ಯೂರಿಯಾ ವಾಸನೆ, ಮೇಲೆ ಹೋದರೆ ಬೆವರಿನ ವಾಸನೆ, ಗೋಡೆಯ ಮೇಲೆ ಎಣ್ಣೆ ಬಳಿದುಕೊಂಡ ಗಂಡಸಿನ ಆಳೆತ್ತರದ ಚಿತ್ರ. ನಾನು ಒಳಗೆ ಹೋದದ್ದೇ ತಡ ಎಲ್ಲರೂ ನಿಂತಲ್ಲೇ ನಿಂತರು. ಜಿಮ್ಮು ನಡೆಸುವ ಮಂಜು ಓಡಿಹೋಗಿ ಅಂಗಿ ಹಾಕಿಕೊಂಡು, ಗುಂಡಿ ಮೇಲೆಕೆಳಗೆ ಮಾಡಿಕೊಂಡು ಬಂದು, "ಮೇಡಂ, ಲೈಸೆನ್ಸ್ ಐತ್ರಿ, ಮನ್ಯಾಗ ಐತಿ, ನಾಳೆ ಆಫೀಸಿಗೆ ತಂದು ತೋರಸ್ತೀನ್ರಿ" ಎಂದ. ಕಚೇರಿಯಿಂದ ತಪಾಸಣೆಗೆ ಬಂದಿದ್ದೇನೆ ಎಂದುಕೊಂಡಿದ್ದ. ನಾನು ಸೇರಲು ಬಂದವಳು ಎಂದ ಮೇಲೆ ಅವನ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೂಲೆಯಿಂದ ಗುಲಾಬಿ ಬಣ್ಣದ ಎರಡು ಪುಟ್ಟ ಡಂಬೆಲ್ ತಂದು, ಧೂಳು ಒರೆಸಿ, "ಲೇಡೀಸಿಗೆ ಇವು ಸಾಕ್ರಿ" ಎಂದ. ಅವನ್ನು ಮನೆಗೆ ತಂದು ತೋರಿಸಿದಾಗ ನೀವು ಒಂದನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ ನೋಡಿದಿರಿ. "ಇದೇನಿದು, ಯಾಲಕ್ಕಿ ಕುಟ್ಟಾಕ ಕೊಟ್ಟಾನೇನು? ನಮ್ಮ ರುಬ್ಬೋ ಗುಂಡು ಇದರ ಮುತ್ತಜ್ಜಿ ಆಗ್ತಾಳ. ತುಂಬಿದ ಕೊಡ ತಲಿ ಮ್ಯಾಲೊಂದು ಸೊಂಟದ ಮ್ಯಾಲೊಂದು ಹೊತ್ತು ಬರ್ತಿದ್ವಿ, ಆಗ ಒಬ್ಬರೂ ಲೇಡೀಸಿಗೆ ಇಷ್ಟು ಸಾಕು ಅನ್ನಲಿಲ್ಲ."

ಹಾಗೆಂದು ನೀವು ನನ್ನ ಪರವಾಗಿದ್ದಿರಿ ಎಂದು ತಿಳಿಯಬೇಡಿ. ಭಾರ ಎತ್ತುವ ಹೆಂಗಸಿಗೆ ಮೀಸೆ ಬರುತ್ತದೆ ಎಂದು ಹಡಗಲಿ ಮಾವ, ಅಂದರೆ ನಿಮ್ಮ ತಮ್ಮ, ಫೋನಿನಲ್ಲಿ ಹೇಳಿದ್ದರು. ಅವತ್ತಿನಿಂದ ಬೆಳಿಗ್ಗೆ ಚಹಾ ಕೊಡುವ ನೆಪದಲ್ಲಿ ನನ್ನ ಮೇಲ್ದುಟಿಯನ್ನು ಬೆಳಕಿಗೆ ತಿರುಗಿಸಿ ನೋಡುವುದು ನಿಮ್ಮ ಕೆಲಸವಾಯಿತು. ಒಂದು ದಿನ "ಬಂದೈತಿ!" ಎಂದು ಕೂಗಿಕೊಂಡಿರಿ. ಅದು ಚಹಾದ ಕೆನೆ.

ಹೆಣದ ಗೊಂದಲ ಆದದ್ದು ಆಮೇಲೆ. ಗುಲಾಬಿ ಡಂಬೆಲ್ ಬಿಟ್ಟು ನಾನು ನೆಲದ ಮೇಲಿನ ಕಬ್ಬಿಣದ ಸರಳು ಎತ್ತಲು ಶುರುಮಾಡಿದ್ದೆ. ಅದಕ್ಕೇನಂತಾರೆ ಎಂದು ನೀವು ಕೇಳಿದಿರಿ, ಡೆಡ್‌ಲಿಫ್ಟ್ ಎಂದೆ. ನಿಮ್ಮ ಮಗ ಕೊಟ್ರೇಶ ಸುಮ್ಮನೆ ಉಣ್ಣಬಾರದೇ? ರೊಟ್ಟಿ ಮುರಿಯುತ್ತ, "ಡೆಡ್ ಅಂದ್ರ ಸತ್ತದ್ದು, ಲಿಫ್ಟ್ ಅಂದ್ರ ಎತ್ತೋದವ್ವ" ಎಂದು ಬಿಡಿಸಿ ಹೇಳಿದರು. ನಿಮ್ಮ ಕೈಯ ತುತ್ತು ತಟ್ಟೆಗೆ ಬಿತ್ತು. "ಹೆಣಾ ಎತ್ತೋದಾ? ಯವ್ವಾ ನನ್ನ ಶಿವನ! ಗಂಡಸರು ಮಾಡೋ ಕೆಲಸ ಅದು. ಅದನ್ನ ಕಲಿಯಾಕ ಹೋಗ್ಯಾಳಾ ಇಕಿ?" ನಾನು ಎಷ್ಟು ವಿವರಿಸಿದರೂ ಕೇಳದೆ ಮರುದಿನ ಕಟ್ಟೆಯ ಮೇಲೆ ಕುಳಿತು ಇಡೀ ಓಣಿಗೆ ಸಾರಿದಿರಿ. "ನನ್ನ ಸೊಸಿ ಹೆಣಾ ಎತ್ತಾಕ ಹೋಗ್ಯಾಳ." ಅರ್ಧ ಮಾತು ಕೇಳಿಸಿಕೊಂಡ ಗೌರಕ್ಕ ತಲೆಯ ಮೇಲೆ ಸೆರಗು ಹೊದ್ದು, ಕಣ್ಣಲ್ಲಿ ನೀರು ತುಂಬಿಕೊಂಡು ಬಂದು, ಯಾರು ಹೋದರು ಎಂದು ಕೇಳಿದಳು. ಅವಳ ಹಿಂದೆ ಇನ್ನೂ ನಾಲ್ಕು ಮಂದಿ. ಅವರಿಗೆಲ್ಲ ಚಹಾ ಮಾಡಿದ್ದು ನಾನು.

ಗ್ಯಾಸ್ ಸಿಲಿಂಡರ್ ಬಂದ ದಿನವೇ ಅಲ್ಲವೇ ನೀವು ನನ್ನ ಕಡೆ ತಿರುಗಿದ್ದು? ತಂದವನು ಬಾಗಿಲಲ್ಲಿ ಇಳಿಸಿ, "ಯಜಮಾನ್ರು ಬಂದ್ಮ್ಯಾಲೆ ಒಳಗ ತಗೊಳ್ರಿ" ಎಂದು ಹೊರಟ. ನಾನು ಹಿಮ್ಮಡಿ ಊರಿ, ಬೆನ್ನು ನೆಟ್ಟಗೆ ಹಿಡಿದು, ಎತ್ತಿಕೊಂಡು ನಿಮ್ಮ ಮುಂದೆಯೇ ಅಡುಗೆಮನೆಗೆ ನಡೆದೆ. ಸಂಜೆಗೆ ಡಬ್ಬಿ ತುಂಬ ಶೇಂಗಾ ಉಂಡೆ ತಯಾರಾಗಿತ್ತು, ಕೊಟ್ರೇಶ ಕೈ ಹಾಕಿದರೆ, "ಅದು ಭಾರ ಎತ್ತೋರಿಗೆ. ನೀನು ಮಂಡಕ್ಕಿ ತಿನ್ನು" ಎಂದಿರಿ. ಅವರು ಇವತ್ತಿಗೂ ಆ ಮಾತನ್ನು ನೆನೆದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ನಂತರ ನೀವೇ ಜಿಮ್ಮು ನೋಡಬೇಕೆಂದು ಹಟ ಹಿಡಿದು, ಮೆಟ್ಟಿಲಿಗೊಂದು ಸಲ ಶಿವಶಿವಾ ಎನ್ನುತ್ತ ಹತ್ತಿ ಬಂದಿರಿ. ಎಣ್ಣೆ ಗಂಡಸಿನ ಚಿತ್ರ ನೋಡಿ, "ಪಾಪ, ಮೈತುಂಬ ಅರಿವಿ ಇಲ್ಲ" ಎಂದಿರಿ. ಮಂಜು ಮರ್ಯಾದೆಗೆ ತೂಕದ ಯಂತ್ರ ತೋರಿಸಿ ಹತ್ರಿ ಅಮ್ಮಾ ಎಂದಾಗ ಮಾತ್ರ ನಿಮ್ಮ ಮುಖ ಕೆಂಪಾಯಿತು. "ನಾನೇನು ಶೇಂಗಾ ಚೀಲ ಏನೋ, ತೂಗಿ ನೋಡಾಕ?" ಇಳಿಯುವಾಗ ಅರ್ಧ ಮೆಟ್ಟಿಲಲ್ಲಿ ನಿಂತು ನನ್ನ ಕೈ ಹಿಡಿದು ಹೇಳಿದಿರಿ.

"ಒಂದು ದಿನ ನನ್ನಷ್ಟು ಭಾರ ಎತ್ತಬೇಕು ನೋಡು ನೀನು. ಅವತ್ತು ಒಪ್ಪತೀನಿ."

"ನೀವು ಎಷ್ಟು ಅದೀರತ್ತಿ?"

"ಅದನ್ನ ಮಾತ್ರ ಹೇಳಂಗಿಲ್ಲ."

ಅಲ್ಲಿಂದ ಶುರುವಾಯಿತು ನನ್ನ ಪಾಡು. ಎಷ್ಟು ಎತ್ತಬೇಕೆಂದು ಗೊತ್ತಿಲ್ಲದೆ ಎತ್ತುವುದು ಹೇಗೆ? ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋಗಿ ಅಲ್ಲಿನ ತಕ್ಕಡಿಯ ಮೇಲೆ ನಿಮ್ಮನ್ನು ಮಾತಿನಲ್ಲಿ ಮರೆಸಿ ನಿಲ್ಲಿಸಲು ನೋಡಿದೆ. ನೀವು ಅದನ್ನು ಸುತ್ತು ಹಾಕಿ ಹೋಗಿ ಕುಳಿತಿರಿ. ಕೊಟ್ರೇಶ ಒಂದು ಸಲ ತಮಾಷೆಗೆ ಅಂದಾಜು ಹೇಳಿದರು, ನೀವು ವಾರವಿಡೀ ಅವರಿಗೆ ಮೆಣಸಿನಕಾಯಿ ಬಜ್ಜಿ ಕರಿದು ಕೊಡಲಿಲ್ಲ. ಪಾಪ, ಈಗ ನೋಡಿದರೆ ಅವರು ಕಡಿಮೆಯೇ ಹೇಳಿದ್ದರು.

ಕಾಯಿಲೆ ಬಿದ್ದು ನೀವು ಆಸ್ಪತ್ರೆಯಲ್ಲಿದ್ದ ಆ ಕೊನೆಯ ವಾರವನ್ನು ನಾನು ಹೆಚ್ಚು ನೆನೆಸಿಕೊಳ್ಳುವುದಿಲ್ಲ. ನಿಮ್ಮನ್ನು ಎತ್ತಿ ಕೂರಿಸಲು ನರ್ಸ್ ಇಬ್ಬರನ್ನು ಕರೆಯಲು ಹೊರಟಾಗ ನಾನೊಬ್ಬಳೇ ಎತ್ತಿ ಕೂರಿಸಿದೆ. ಅಷ್ಟು ಸುಸ್ತಿನಲ್ಲೂ ನೀವು ಪಕ್ಕದ ಹಾಸಿಗೆಯವಳಿಗೆ, "ನನ್ನ ಸೊಸಿ. ಜಿಮ್ಮಿನಾಕಿ" ಎಂದಿರಿ. ಔಷಧಿಯ ಲೆಕ್ಕಕ್ಕೆ ತೂಕ ಬೇಕೆಂದು ಯಂತ್ರದ ಮೇಲೆ ನಿಲ್ಲಿಸಿದರು. ಜೀವಮಾನವಿಡೀ ಮುಚ್ಚಿಟ್ಟದ್ದು ಅಷ್ಟು ಸುಲಭವಾಗಿ ಹೊರಬಿತ್ತು. ಅದು ಎಷ್ಟು ಕಡಿಮೆ ಇತ್ತೆಂದರೆ... ನಾನು ಮುಖ ತಿರುಗಿಸಿದೆ. ನಿಮಗೆ ಬಂದದ್ದು ಸಿಟ್ಟು.

"ಲೀಲಾ, ಆ ಮಿಶಿನ್ ಸುಳ್ಳು ಹೇಳ್ತೈತಿ. ನಾನು ಇಷ್ಟು ಹಗುರ ಇಲ್ಲ."

"ಹೌದತ್ತಿ, ಕೆಟ್ಟಿರಬೇಕು ಬಿಡ್ರಿ."

"ಹತ್ರ ಬಾ. ನನ್ನ ಖರೇ ತೂಕ ಹೇಳ್ತೀನಿ. ಶೇಂಗಾ ಮಾರಾಕ ಹೋದಾಗ, ಹಮಾಲರು ಚಹಾಕ್ಕ ಹೋಗಿದ್ರು, ದಲಾಲಿ ಅಂಗಡ್ಯಾಗ ಯಾರೂ ಇರಲಿಲ್ಲ. ಚೀಲ ತೂಗೋ ಕಾಟಾದ ಮ್ಯಾಲ ಹತ್ತಿ ನಿಂತಿದ್ದೆ."

ನನಗೆ ಅಳುವಿನ ನಡುವೆ ನಗು ಬಂತು, ನೀವೂ ನಕ್ಕಿರಿ. ಶೇಂಗಾ ಚೀಲವೇ ಏನು ಎಂದು ಮಂಜುವನ್ನು ಬೈದವರು ನೀವಲ್ಲವೇ? ಆಮೇಲೆ ಕಿವಿಯಲ್ಲಿ ಆ ಸಂಖ್ಯೆ ಹೇಳಿದಿರಿ, ಯಾರಿಗೂ ಹೇಳಬಾರದೆಂದು ಕೈ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡಿರಿ. "ರೋಗದ ತೂಕ ಎತ್ತಬ್ಯಾಡ. ನಾನು ಗಟ್ಟಿ ಇದ್ದಾಗಿಂದು ಎತ್ತು."

ಇನ್ನು ನೀವು ನೋಡದೇ ಹೋದ ಸುದ್ದಿ. ನಿಮ್ಮ ಕೊನೆಯ ಯಾತ್ರೆಗೆ ಬಿದಿರಿನ ವಿಮಾನ ಕಟ್ಟಿ, ಹೂವು ಹಾಕಿ, ನಿಮ್ಮನ್ನು ಕೂರಿಸಿದ್ದರು. ಒಮ್ಮೆಯಾದರೂ ವಿಮಾನ ಹತ್ತಬೇಕು ಅನ್ನುತ್ತಿದ್ದಿರಲ್ಲ, ಅದು ಹೀಗೆ ಆಯಿತು. ಹಡಗಲಿ ಮಾವ ಎಲ್ಲರಿಗೂ ಅಪ್ಪಣೆ ಕೊಡುತ್ತ ತಾವೇ ಮುಂದಿನ ಮೂಲೆಗೆ ಬಂದು, ಸೊಂಟದಿಂದ ಬಗ್ಗಿದರು. ಬಗ್ಗಿದವರು ಮೇಲೇಳಲಿಲ್ಲ. ತಮ್ಮ ಅಕ್ಕನಿಗೆ ಕೊನೆಯ ಶರಣು ಮಾಡುತ್ತಿದ್ದಾನೆಂದು ಜನ ಕಣ್ಣೊರೆಸಿಕೊಂಡರು. ಅದು ಹಿಟ್ಟಿನ ಡಬ್ಬಿಯ ಕೇಸು ಎಂದು ನನಗೊಬ್ಬಳಿಗೇ ಗೊತ್ತಾಯಿತು. ಅವರನ್ನು ಹಿಡಿದು ಕಟ್ಟೆಗೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಮೂಲೆಯಲ್ಲಿ ನಾನು ನಿಂತೆ.

"ಏ, ಹೆಣ್ಮಕ್ಕಳು ಹೆಗಲು ಕೊಡಂಗಿಲ್ಲ!" ಮಾವ ಕಟ್ಟೆಯ ಮೇಲೆ ಬಗ್ಗಿದಂತೆಯೇ ಕೂಗಿದರು. "ನಮ್ಮ ಅಕ್ಕ ಇದ್ದಿದ್ರ ಒಪ್ಪತಿದ್ಲೇನು?"

ಕೊಟ್ರೇಶ ನನ್ನ ಮುಖ ನೋಡಿದರು. ಅಲ್ಲಿಂದ ಸರಿದರೆ ಮತ್ತೆಂದೂ ಜಿಮ್ಮಿನ ಮೆಟ್ಟಿಲು ಹತ್ತಲಾರೆ ಅನ್ನಿಸಿತು. ಆಗ ಹೆಂಗಸರ ಗುಂಪಿನಿಂದ ಗೌರಕ್ಕನ ದನಿ ಬಂತು.

"ಆಕಿ ಒಪ್ಪಿದ್ದಕ್ಕ ಇಡೀ ಓಣಿ ಸಾಕ್ಷಿ ಐತ್ರಿ! ನನ್ನ ಸೊಸಿ ಹೆಣಾ ಎತ್ತಾಕ ಹೋಗ್ಯಾಳ, ಹೆಣಾ ಎತ್ತಾಕ ಹೋಗ್ಯಾಳ ಅಂತ ಕಟ್ಟಿ ಮ್ಯಾಲ ಕುಂತು ಸಾರ್‍ಯಾಳ. ಮತ್ಯಾವ ಹೆಣಾ ಎತ್ತಾಕ ಕಲಿಸಿದ್ಲು ಅಂತೀರಿ?"

ಸಾವಿನ ಮನೆ ಅತ್ತೆ, ಆದರೂ ಜನ ನಕ್ಕುಬಿಟ್ಟರು. ನಿಮ್ಮ ಆ ಒಂದು ತಪ್ಪು ತಿಳಿವಳಿಕೆ ನನಗೆ ಅಪ್ಪಣೆಯಾಯಿತು. ಇಲ್ಲ, ಎಷ್ಟೋ ಸಲ ಯೋಚಿಸುತ್ತೇನೆ, ನೀವು ನಿಜವಾಗಿ ತಪ್ಪು ತಿಳಿದಿದ್ದಿರೋ ಅಥವಾ... "ಹಿಮ್ಮಡಿ ಊರ್ರಿ, ಬೆನ್ನು ಬಗ್ಗಿಸಬ್ಯಾಡ್ರಿ, ಎತ್ರಿ!" ಎಂದು ನಾನು ಕೂಗಿದೆ, ಮೂರು ಗಂಡಸರು ತುಟಿ ಪಿಟಕ್ಕೆನ್ನದೆ ಕೇಳಿದರು. ದಾರಿಯುದ್ದಕ್ಕೂ ನಾನು ಹೆಗಲು ಬದಲಿಸಲಿಲ್ಲ. ನಿಮ್ಮನ್ನು ಹೊತ್ತದ್ದು ನಾನು ಎಂದು ನಿಮಗೆ ಯಾರೂ ಹೇಳಿರಲಾರರು, ಅದಕ್ಕೇ ಹೇಳುತ್ತಿದ್ದೇನೆ.

ಮೊನ್ನೆ ಜಿಮ್ಮಿನಲ್ಲಿ ಸರಳಿಗೆ ತೂಕದ ಬಿಲ್ಲೆ ಹಾಕಿಸುತ್ತಿದ್ದೆ. ಗೌರಕ್ಕನೂ ಜೊತೆಗಿದ್ದಳು, ಹೌದು, ಅವಳೂ ಸೇರಿದ್ದಾಳೆ. ಮಂಜುವಿಗೆ ಅವಳು ಹೇಳಿದ ಮೊದಲ ಮಾತು, "ನನ್ನ ತೂಕ ಕೇಳಬ್ಯಾಡ" ಎಂದು. ನಾನು ಕೊನೆಗೆ ಎಲ್ಲಕ್ಕಿಂತ ಸಣ್ಣ ಬಿಲ್ಲೆ ಕೇಳಿದಾಗ ಮಂಜು ತಲೆ ಕೆರೆದುಕೊಂಡ. "ಇದೇನು ಲೆಕ್ಕ್ರೀ ಅಕ್ಕಾ? ರೌಂಡ್ ಮಾಡಿಬಿಡ್ರಿ." ಒಂದು ಚೂರೂ ಹೆಚ್ಚು ಹಾಕಬೇಡ, ಅವರಿಗೆ ಸಿಟ್ಟು ಬರುತ್ತದೆ ಎಂದೆ. ಯಾರಿಗೆ ಎಂದು ಕೇಳಿದ. ನಾನು ಹಿಮ್ಮಡಿ ಊರಿದೆ, ಉಸಿರು ಹಿಡಿದೆ, ಎತ್ತಿದೆ. ನೆಟ್ಟಗೆ ನಿಂತೆ ಅತ್ತೆ. ಗಟ್ಟಿ ಇದ್ದಾಗಿನ ನೀವು, ಪೂರ್ತಿ, ನನ್ನ ಎರಡು ಕೈಯಲ್ಲಿ.

"ಆತ್ರಿ ಅಕ್ಕಾ, ಬಿಡ್ರಿ, ಬಿಟ್ಟುಬಿಡ್ರಿ ಕೆಳಗ" ಎಂದು ಮಂಜು ಕೂಗಿದ. ಅಲ್ಲಿ ಎಲ್ಲರೂ ಧಡಾರನೆ ಬಿಡುತ್ತಾರೆ. ನನಗೆ ಬಿಡಲಾಗಲಿಲ್ಲ. ಸದ್ದಾಗದ ಹಾಗೆ ಮೆಲ್ಲಗೆ ಇಳಿಸಿ, ಸ್ವಲ್ಪ ಹೊತ್ತು ಅಲ್ಲೇ ಪಕ್ಕದಲ್ಲಿ ಕುಳಿತೆ.

ಈಗಲಾದರೂ ಒಪ್ಪುತ್ತೀರಲ್ಲ? ಆಣೆ ನಾನು ಮುರಿಯುವುದಿಲ್ಲ. ಎಷ್ಟು ಎತ್ತಿದೆ ಎಂದು ಯಾರು ಕೇಳಿದರೂ ಒಂದು ಚೀಲ ಶೇಂಗಾ ಅನ್ನುತ್ತೇನೆ. ಎರಡಾಗಿದ್ದರೂ ಒಂದೇ ಅನ್ನುತ್ತೇನೆ.

ನಿಮ್ಮ,
ಜಿಮ್ಮಿನಾಕಿ