ಅತಿಥಿಗಳಿಗೆ ಕೊಟ್ಟ ನೀರು

ಸಿಂದೋಳಗಿ,
ಫೆಬ್ರುವರಿ ೩೦, ೨೧೫೮

ಈಗ ಸಂಜೆ ಆರೂವರೆ. ಬೆಳಿಗ್ಗೆ ಅಂಗಳ ಸಾರಿಸಿದೆ. ಮಧ್ಯಾಹ್ನ ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ಬೆಳಗಿದೆ. ಆಮೇಲೆ ಓಣಿಯವರು ಬಂದು, ಕೂತು, ಜಗಳವಾಡಿ ಎದ್ದುಹೋದರು. ಕೊಡ ಬೆಳಗುವುದು ನನ್ನ ಹೆಂಡತಿ ತೇಜಮ್ಮನ ಕೆಲಸವಾಗಿತ್ತು. ಸಂಕ್ರಾಂತಿ ಕಳೆದ ವಾರದಲ್ಲಿ ಅವಳು ತೀರಿಕೊಂಡಳು.

ಮೇಲಿನ ತೇದಿ, ನನಗಿಂತ ನೂರು ವರ್ಷಕ್ಕೂ ಹಿಂದಿನವರಾದ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವೆನಿಸಬಹುದು, ಕ್ಷಮಿಸಿ. ಏಳನೆಯ ತರಗತಿಯವರೆಗೆ ಓದಿದವನು ನಾನು, ಹೆಸರು ಘಾಳೆಪ್ಪ. ದಿನಾ ನಾಲ್ಕು ಸಾಲು ದಿನಚರಿ ಬರೆಯುವ ರೂಢಿಯಿದೆ. ಇವತ್ತು ಅದರ ಬದಲು ನಿಮಗೆ ಬರೆಯುತ್ತಿದ್ದೇನೆ. ಹಿಂದಿನವರಿಗೆ ಟಪಾಲು ಇಲ್ಲವೆಂದು ಗೊತ್ತು. ಆದರೂ ಹೇಳಿಕೊಳ್ಳಬೇಕಾದವರು ನೀವೇ ಎಂದು ಅನ್ನಿಸಿದೆ.

ನಮ್ಮ ದಿನಗಳು ನಿಮ್ಮ ದಿನಗಳಿಗಿಂತ ಬಹಳ ಬೇರೆಯಲ್ಲ. ಜೋಳದ ರೊಟ್ಟಿಯೇ ಉಣ್ಣುತ್ತೇವೆ, ಹುಳಿ ಕಂಡರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ನೆರಳುಗಂಟೆ. ಅಷ್ಟು ಹೊತ್ತು ಬಯಲಲ್ಲಿ ಯಾರೂ ದುಡಿಯುವಂತಿಲ್ಲ, ಓಣಿಯ ಮೇಲೆ ದಪ್ಪ ಬಟ್ಟೆಯ ಚಪ್ಪರ ಎಳೆಯುತ್ತಾರೆ. ಅದರ ಕೆಳಗೆ ಹೆಂಗಸರು ಕೌದಿ ಹೊಲಿಯುತ್ತಾರೆ, ಗಂಡಸರು ನಿದ್ದೆ ಮಾಡುತ್ತಾರೆ ಇಲ್ಲವೇ ಅವರಿವರ ಸುದ್ದಿ ಆಡುತ್ತಾರೆ. ಊರಿನ ಕೆಳಗೆ ಕೆರೆ, ಕೆರೆಯ ಆಚೆ ದಂಡೆಯಲ್ಲಿ ಶಮನಿಕಾ ಔಷಧ ಕಾರ್ಖಾನೆ. ಕ್ರಿಮಿ ಕೊಲ್ಲುವ ಗುಳಿಗೆಗಳನ್ನು ಮಾಡುತ್ತಾರೆ. ನಮ್ಮ ಶಾಲೆ, ಚಪ್ಪರ, ಆಸ್ಪತ್ರೆ ಎಲ್ಲವೂ ಅದರ ಊರಪಾಲಿನಿಂದ ಆದವು. ಊರಪಾಲೆಂದರೆ ಕಾರ್ಖಾನೆ ತನ್ನ ಲಾಭದಲ್ಲಿ ಊರಿಗೆ ಕೊಡಲೇಬೇಕಾದ ಪಾಲು. ನಿಮ್ಮ ಕಾಲದಲ್ಲಿ ಇದನ್ನೇ ಸಾಮಾಜಿಕ ಹೊಣೆ ಎಂದು ಕರೆಯುತ್ತಿದ್ದರಂತೆ. ಕೆಟ್ಟವರೆಂದು ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ನನ್ನ ಕಣ್ಣಿನ ಪೊರೆ ತೆಗೆದದ್ದು ಅದೇ ಆಸ್ಪತ್ರೆಯಲ್ಲಿ.

ಇನ್ನೊಂದು ಕಟ್ಟಳೆಯೂ ಇದೆ. ಅದರ ಹೆಸರು ನೀರುಸಾಕ್ಷಿ. ಕಾರ್ಖಾನೆಯ ಆಡಳಿತ ಮಂಡಳಿಯನ್ನು ನಾವು ಹೊಣೆಮನೆ ಎನ್ನುತ್ತೇವೆ. ಹೊಣೆಮನೆಯವರು ವರ್ಷಕ್ಕೊಮ್ಮೆ ಕೆಳಗಿನ ಓಣಿಗೆ, ಅಂದರೆ ನಮ್ಮ ಓಣಿಗೆ ಬಂದು, ಅಲ್ಲಿನವರು ಕೊಟ್ಟ ನೀರನ್ನು ಅವರೆದುರಿಗೇ ಅರ್ಧ ಲೋಟ ಕುಡಿಯಬೇಕು. ಉಳಿದರ್ಧ ಬಾಟಲಿಯಲ್ಲಿ ಪರೀಕ್ಷೆಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಆ ವರ್ಷ ಕಾರ್ಖಾನೆಯ ಮೋರಿಯನ್ನು ಯಾರೂ ನೋಡಬೇಕಿಲ್ಲ. ಇದನ್ನು ಬರೆದವರು ಒಳ್ಳೆಯ ಮನಸ್ಸಿನವರೇ ಇರಬೇಕು. ತಾನು ಕುಡಿಯುವ ನೀರಿಗೆ ಯಾರೂ ವಿಷ ಬಿಡುವುದಿಲ್ಲ ಎಂದು ನಂಬಿದವರು.

ಆದರೆ ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತೇವೆ. ವೈರಿ ಬಂದರೂ ಕೊಡುತ್ತೇವೆ. ಕೊಡುವ ನೀರು ಮನೆಯಲ್ಲಿರುವುದರಲ್ಲಿ ಒಳ್ಳೆಯದಾಗಿರಬೇಕು. ಕೆರೆಯಿಂದ ಬರುವ ನಲ್ಲಿ ನೀರು ಒಂದಿಷ್ಟು ಒಗರು, ಮುಂಜಾನೆ ತುಂಬಿಟ್ಟರೆ ಸಂಜೆಗೆ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಅದಕ್ಕೇ ನೀರುಸಾಕ್ಷಿಯ ದಿನ ನಮ್ಮ ಹೆಂಗಸರು ಗುಡ್ಡದ ಮೇಲಿನ ಸಿಹಿಬಾವಿಗೆ ಹೋಗಿ ಕೊಡ ತುಂಬಿ ತರುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಕಾರ್ಖಾನೆಯವರು ಬೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ನನ್ನ ಅಜ್ಜಿಯ ಕಾಲದಿಂದಲೂ ಹೀಗೇ ನಡೆದು ಬಂದಿತ್ತು. ಆ ನೀರೇ ಬಾಟಲಿಗೆ ಹೋಗುತ್ತಿತ್ತು. ಪ್ರತಿ ವರ್ಷ ಪಾಸಾಗುತ್ತಿತ್ತು.

ಹೋದ ವರ್ಷ ಹೊಣೆಮನೆಯ ಹಿರಿಯರಾದ ನಿರುಪಮಾ ಬಾಯಿ ನಮ್ಮ ಕಟ್ಟೆಯ ಮೇಲೆಯೇ ಕೂತು ನೀರು ಕುಡಿದರು. ಒಳ್ಳೆಯ ಹೆಂಗಸು. ಲೋಟ ಕೆಳಗಿಟ್ಟು ತೇಜಮ್ಮನನ್ನು ಕೇಳಿದರು, “ಅಮ್ಮಾ, ದಿನಾ ನೀವೂ ಇದನ್ನೇ ಕುಡಿಯೋದಾ?”

“ಹೂಂ ರೀ ಬಾಯಾರ. ಇನ್ನೊಂದೀಟು ಹಾಕ್ಲ್ಯಾ? ಬೆಲ್ಲ ಹಂಗೇ ಬಿಟ್ರಿ ನೋಡ್ರಿ!” ಎಂದಳು ಅವಳು.

ಬಂದವರೆದುರಿಗೆ ಬೇರೆ ಏನು ಹೇಳಿಯಾಳು? ಬಾಯಿಯವರು ನಕ್ಕು ಬೆಲ್ಲ ತಿಂದು ಎದ್ದರು. ನಲ್ಲಿ ಅವರ ಬೆನ್ನ ಹಿಂದೆಯೇ ಇತ್ತು, ತೊಟ್ಟಿಕ್ಕುತ್ತಿತ್ತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು, ಹಾಗಾಗಿ ತಿರುಗಿ ನೋಡಲಿಲ್ಲ. ಕೆಟ್ಟದ್ದು ಕಾಣದ ಹಾಗೆ ನಾವು ನೋಡಿಕೊಂಡೆವು, ಕಾಣದಿದ್ದದ್ದು ಅವರಿಗೂ ಅನುಕೂಲವಾಯಿತು.

ಈ ಸಂಕ್ರಾಂತಿಗೆ ತೇಜಮ್ಮನ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತು. ಮುಳ್ಳು ತೆಗೆದು ಅರಿಶಿನ ಮೆತ್ತಿ ಎಳ್ಳುಹೋಳಿಗೆ ಮಾಡಿದಳು. ಮಾರನೆಯ ದಿನ ಕಾಲು ಬಾತಿತು, ಜ್ವರ ಏರಿತು. ಊರಪಾಲಿನ ಆಸ್ಪತ್ರೆಯಲ್ಲಿ ಶಮನಿಕಾದ ಔಷಧವನ್ನೇ ಕೊಟ್ಟರು, ಒಂದಾದ ಮೇಲೊಂದು. ಯಾವುದೂ ತಾಗಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ತಿಳಿಸಿ ಹೇಳಿದರು. ಕಾರ್ಖಾನೆಯ ಔಷಧದ ಅಂಶ ಕೆರೆಗೆ ಇಳಿಯುತ್ತಿದೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಸಿಕ್ಕರೆ ಕ್ರಿಮಿಗಳು ಅದಕ್ಕೆ ಪಳಗಿಬಿಡುತ್ತವೆ. ಅಂಥ ಕ್ರಿಮಿ ಮೈಗೆ ಹೊಕ್ಕರೆ ಅದೇ ಔಷಧ ಮತ್ತೆ ಕೆಲಸ ಮಾಡುವುದಿಲ್ಲ. “ನಿಮ್ಮ ನೀರು ಪ್ರತಿ ವರ್ಷ ಪಾಸಾಗ್ತದಲ್ಲ, ಹ್ಯಾಂಗ?” ಎಂದು ಅವರು ಕೇಳಿದರು. ಒಳಗೆ ತೇಜಮ್ಮ ನರ್ಸಿಗೆ, ಊಟ ಆಯ್ತೇನವ್ವ ಎಂದು ಕೇಳುತ್ತಿದ್ದಳು.

ಇವತ್ತಿನ ಜಗಳ ಇದರದ್ದೇ. ನಾಳೆ ನೀರುಸಾಕ್ಷಿ. ತೇಜಮ್ಮನ ತಂಗಿ ಚಂಪಾವತಿ ಬಾಗಿಲಲ್ಲೇ ನಿಂತು, “ಈ ಸಲ ನಲ್ಲಿ ನೀರೇ ಇಡ್ರಿ ಮಾವಾ,” ಎಂದಳು.

ಓಣಿಯ ಹಿರಿಯ ಝರೆಪ್ಪ ಕಾಕಾ ಬೆಚ್ಚಿಬಿದ್ದ. “ಮನಿಗಿ ಬಂದೋರಿಗಿ ಆ ನೀರೇನವ್ವ? ಅವರ ಹೊಟ್ಟಿ ಕೆಟ್ರ?”

“ನಮ್ಮ ಹೊಟ್ಟಿಗಿ ತಗಡು ಬಡದಾರೇನು ಕಾಕಾ? ಕೆಟ್ರ ಕೆಡ್ಲಿ. ದವಾಖಾನಿ ಅವರದೇ ಅದ, ಗುಳಿಗಿನೂ ಅವರದೇ ಅವ!”

ಒಂದಿಬ್ಬರು ನಕ್ಕರು. ಕಾಕಾ ನಗಲಿಲ್ಲ. “ಮಂದಿ ಏನಂದಾರು? ಸಿಂದೋಳಗಿಯವರಿಗಿ ನೀರು ಕೊಡಲಿಕ್ಕೂ ಬರಲ್ಲ ಅಂತಾರ. ನಾಳಿ ದವಾಖಾನಿ ಮುಚ್ಚಿದ್ರ ಏನ್ ಮಾಡ್ತಿ?”

“ನಮ್ಮಕ್ಕಗ ಅದು ತೆರದೇ ಇತ್ತಲ್ಲ,” ಎಂದಳು ಚಂಪಾವತಿ. ಎಲ್ಲರೂ ನನ್ನ ಕಡೆ ನೋಡಿದರು, ನೀರುಸಾಕ್ಷಿಗೆ ಕೊಡ ಹೋಗುವುದು ನಮ್ಮ ಮನೆಯಿಂದಲೇ.

ನನ್ನದು ಮಾತು ಕಡಿಮೆ. ಆದರೂ ಹೇಳಿದೆ: “ನಲ್ಲಿ ನೀರೇ ಇಡ್ತೀನಿ ಕಾಕಾ. ಮುಚ್ಚಿಟ್ಟು ಕುಡಸಲ್ಲ, ಹೇಳೇ ಕೊಡ್ತೀನಿ. ಕುಡೀಲಿ, ಬಿಡ್ಲಿ. ಬಾಟ್ಲಿ ಮಾತ್ರ ತುಂಬಸೇ ಕಳಸ್ತೀನಿ.”

ಕಾಕಾ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದ. ತಿರುಗಿ ನೋಡಲಿಲ್ಲ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಲ್ಲ ಕೊಟ್ಟು ಇಂಥ ನೀರು ಮುಂದಿಡುವುದು ನನ್ನ ಕೈಗೂ ಸುಲಭವಲ್ಲ. ತೇಜಮ್ಮ ಇದ್ದಿದ್ದರೆ ನನ್ನನ್ನು ಬೈಯುತ್ತಿದ್ದಳು.

ಮುಂದೊಂದು ದಿನ ನಿಮ್ಮಲ್ಲಿ ಯಾರೋ ಈ ಕಟ್ಟಳೆಯನ್ನು ಬರೆಯಲು ಕೂರುತ್ತಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ಕುಡಿಯಬೇಕು ಎಂದಷ್ಟೇ ಬರೆದು ನಿಲ್ಲಿಸಬೇಡಿ. ನಲ್ಲಿಯನ್ನು ಅವರೇ ತಿರುಗಿಸಬೇಕು, ಲೋಟವನ್ನು ಅವರೇ ಹಿಡಿಯಬೇಕು ಎಂದೂ ಬರೆಯಿರಿ. ಹಾರ, ಬೆಲ್ಲ, ಬೆಳಗಿದ ಕೊಡ ಯಾವುದೂ ಆ ದಿನ ಬೇಡವೆನ್ನಿ. ಹೊಣೆ ಹೊತ್ತವರನ್ನು ಅತಿಥಿಗಳನ್ನಾಗಿ ಮಾಡಬೇಡಿ. ಅತಿಥಿಗೆ ನಮ್ಮಂಥವರು ಇರುವುದನ್ನು ತೋರಿಸುವುದಿಲ್ಲ, ಇರಬೇಕಾದದ್ದನ್ನು ತೋರಿಸುತ್ತೇವೆ. ಅಷ್ಟನ್ನು ನೀವು ಬರೆದಿದ್ದರೆ ಒಂದು ಮುಳ್ಳು ಬರೀ ಮುಳ್ಳಾಗಿಯೇ ಇರುತ್ತಿತ್ತು.

ಹೊಣೆಮನೆಯವರು ನಾಳೆ ಹತ್ತು ಗಂಟೆಗೆ ಬರುತ್ತಾರೆ. ನಮ್ಮ ಓಣಿಗೆ ನಲ್ಲಿ ನೀರು ಬಿಡುವುದು ಏಳಕ್ಕೆ, ಬೆಳಗಿದ ಕೊಡವನ್ನು ಅದರ ಕೆಳಗೇ ಇಡುತ್ತೇನೆ.